ಮುರುಗೇಶನ ಹೆಸರಿನ ಮೂವತ್ತೆಂಟು ಪಾಯಿಂಟು

ಸಂಡೂರಿನ ಗಣಿ ಕಂಪನಿಯೊಂದು ಎಂಬತ್ತೆರಡರಲ್ಲಿ ಬಾಸ್ಕೆಟ್‌ಬಾಲ್ ತಂಡ ಕಟ್ಟಿತು. ಚೆಂಡಾಡುವುದಕ್ಕೇ ಸಂಬಳ ಪಡೆದ ಈ ಸೀಮೆಯ ಮೊದಲ ಮನುಷ್ಯ ಕನಕರಾಜ್. ಹೆಸರಿಗೆ ಅದಿರು ತೂಕದ ಗುಮಾಸ್ತ, ತೂಕದ ಮನೆಯ ಬಾಗಿಲು ತುಳಿದವನಲ್ಲ. ಬೆಳಿಗ್ಗೆ ಪ್ರಾಕ್ಟೀಸು, ಸಂಜೆ ಮ್ಯಾಚು, ಕ್ಯಾಂಟೀನಿನಲ್ಲಿ ಎರಡು ಮೊಟ್ಟೆ ಹೆಚ್ಚು. ಉಳಿದ ಗುಮಾಸ್ತರು ಹೊಟ್ಟೆ ಉರಿದುಕೊಂಡರು, ಉರಿದುಕೊಳ್ಳಲಿ ಬಿಡಿ. ಅವನ ಎಡಗೈ ಆಟ ನೋಡಲು ಹೊಸಪೇಟೆಯಿಂದ ಜನ ಲಾರಿ ಹತ್ತಿ ಬರುತ್ತಿದ್ದರು.

ಕಂಪನಿಯ ಕರಾರು ಒಂದೇ: ಬೇರೆ ತಂಡಕ್ಕೆ ಆಡಿದರೆ ನೌಕರಿ ಹೋಯಿತು. ಆದರೆ ನಮ್ಮ ಕಡೆಯ ಟೂರ್ನಮೆಂಟುಗಳಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡುವುದು ಹೊಸದೇನಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ತಂಡ ಫೈನಲ್ ಮುಟ್ಟಿದಾಗ ಸಾಹುಕಾರರು ಕನಕರಾಜನನ್ನು ಗುಟ್ಟಾಗಿ ಕರೆಸಿದರು. ಆಟದ ಚಟ, ಹೋದ. ಗೆಳೆಯ ಮುರುಗೇಶ್ ಆ ಗಿರಣಿಯ ಹಮಾಲಿ. ಆಟ ಬಾರದಿದ್ದರೂ ಎತ್ತರ ಇದ್ದಾನೆಂದು ಪಟ್ಟಿಗೆ ಸೇರಿಸಿದ್ದರು. ಅವನ ಜರ್ಸಿ ತೊಟ್ಟು ಕನಕರಾಜ್ ಮೂವತ್ತೆಂಟು ಪಾಯಿಂಟ್ ಹಾಕಿದ. ಅಂಥ ಆಟ ಅವನ ಕೈಯಿಂದ ಮತ್ತೆ ಬರಲೇ ಇಲ್ಲ.

ಗ್ರಹಚಾರ ನೋಡಿ, ಆಟ ನೋಡಿದ ಯಾರೋ ದೊಡ್ಡವರು ಪತ್ರ ಬರೆಸಿದರು: ಮುರುಗೇಶ್ ಬೆಂಗಳೂರಿನ ರಾಜ್ಯ ಶಿಬಿರಕ್ಕೆ ಬರಬೇಕು. ನಿಜ ಹೇಳಿದರೆ ನೌಕರಿ ಇಲ್ಲ, ಯಾರೂ ಹೋಗದಿದ್ದರೆ ವಿಚಾರಣೆಯ ಭಯ. ಕನಕರಾಜ್ ಗೆಳೆಯನ ಕೈ ಹಿಡಿದ.

“ನೀನ ಹೋಗಿ ಬಾರೋ. ಕಾಲು ಉಳುಕೇತಿ ಅಂತ ಹೇಳಿ ಜಲ್ದಿ ಬಂದುಬಿಡು. ನನ್ನ ನೌಕರಿ ಉಳಸು.”

ಮುರುಗೇಶ್ ಹೋದ, ಮೂರು ದಿನಕ್ಕೆ ಬಂದ. ಏನಾಯಿತೆಂದು ಅವನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಎಂಟು ವರ್ಷಕ್ಕೆ ಕಂಪನಿ ತಂಡವನ್ನೇ ಮುಚ್ಚಿತು. ತೂಗಲು ಬಾರದ ಗುಮಾಸ್ತ ಯಾರಿಗೆ ಬೇಕು? ಈಗ ಕನಕರಾಜ್ ಹಂಪಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಾನೆ.

ಹೋದ ತಿಂಗಳು ಹೊಸಪೇಟೆಯ ಹಳೆಯ ಆಟಗಾರರು ಪುಸ್ತಕ ತರುವುದೆಂದಾಯಿತು. ಕರಡಿನಲ್ಲಿ ಒಂದು ಸಾಲು: ಈ ಭಾಗದ ಅತಿ ಹೆಚ್ಚು ಪಾಯಿಂಟ್, ಮೂವತ್ತೆಂಟು, ಕಂಪ್ಲಿಯ ಮುರುಗೇಶ್. ಆ ಆಟ ತನ್ನದೆಂದು ಕನಕರಾಜ್ ಹೋಗಿ ಹೇಳಿದ. ಇಡೀ ಆಯುಷ್ಯಕ್ಕೆ ಇದ್ದದ್ದೇ ಆ ಒಂದು ಸಂಜೆ, ಅದೂ ತನ್ನದಲ್ಲವೆ?

“ಮುರುಗೇಶಪ್ಪಾರು ಒಂದ್ ಮಾತು ಹೇಳಿದ್ರ ತಿದ್ದತೀವ್ರಿ,” ಎಂದ ಪುಸ್ತಕ ಮಾಡುತ್ತಿದ್ದ ಹನುಮೇಶ್. ಕನಕರಾಜ್ ಮರುದಿನವೇ ಕಂಪ್ಲಿ ಬಸ್ಸು ಹಿಡಿದ.

ಅಂಗಳದಲ್ಲಿ ಕುಳಿತಿದ್ದ ಮುರುಗೇಶ್ ಎಲ್ಲ ಕೇಳಿಸಿಕೊಂಡ. ಮಗಳನ್ನು ಕರೆದ.

“ಸುನಿತಾ, ಆ ಆಟ ನಾ ಆಡಿದ್ದಲ್ಲವ್ವಾ, ಇವ ಆಡಿದ್ದು. ಹನುಮೇಶ್‌ಗೆ ಫೋನ್ ಹಚ್ಚು.”

ಫೋನಿನಲ್ಲೂ ಅದನ್ನೇ ಹೇಳಿದ. ಕನಕರಾಜನ ಕಣ್ಣು ತುಂಬಿಬಂತು.

“ನಿಂದು ಭಾಳ ದೊಡ್ಡ ಮನಸು, ಮುರುಗೇಶ.”

“ನಿಂದು ನಿನಗ ಕೊಟ್ಟೀನಿ, ದೊಡ್ಡ ಮನಸು ಏನ್ ಬಂತು. ಆದ್ರ ಬೆಂಗಳೂರಾಗ ಕಾಲು ಉಳುಕೇತಿ ಅಂದ್ರ ಯಾರೂ ನಂಬಲಿಲ್ಲಪಾ. ಮೂರು ದಿನ ನಡುವ ನಿಲ್ಲಿಸಿ ಚೆಂಡು ಒಗಿಯಾಕ ಹಚ್ಯಾರ. ಉಳಿದವ್ರೆಲ್ಲ ಸಾಲಾಗಿ ಕುಂತು ಕಂಪ್ಲಿ ಮುರುಗೇಶ, ಕಂಪ್ಲಿ ಮುರುಗೇಶ ಅಂತ ಕರದು ಕರದು ನಕ್ಕಾರ. ಅದನ್ನ ಯಾರ ಹೆಸರಿಗೆ ಬರಸ್ಲಿ, ನೀನ ಹೇಳು.”

ಬಾಗಿಲಲ್ಲೇ ನಿಂತು ಕೇಳಿದ ಸುನಿತಾ ಕನಕರಾಜನಿಗೆಂದು ತಂದ ಚಹಾವನ್ನು ಒಳಗೆ ವಾಪಸ್ ಒಯ್ದಳು.