ಅಂಗಿಯ ತೋಳಿನೊಳಗಿನ ಕಡಗ

ನಮ್ಮ ಮನೆಯವರ ಎಡಗೈಯಲ್ಲಿ ಈಗ ಹೆಬ್ಬೆರಳೊಂದೇ ಉಳಿದಿದೆ. ಹೇಗಾಯಿತು ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ: ಕಡಗ ತೆಗೆದಿಡುವುದನ್ನು ಮರೆತಿದ್ದೆ. ಅವರು ಮರೆತಿರಲಿಲ್ಲ. ಅದನ್ನು ಕಟ್ಟಿ ಕಳಿಸಿದವಳು ನಾನು. ಹೋದ ವರ್ಷದ ತನಕ ಇದು ನಮ್ಮಿಬ್ಬರಿಗೇ ಗೊತ್ತಿದ್ದ ಮಾತು.

ಅಲಖನೂರಿನ ನಮ್ಮ ಮನೆಯಿಂದ ಗಾಡಿಯ ಮೇಲೆ ಅರ್ಧ ತಾಸು ಹೋದರೆ ಅವರು ದುಡಿಯುವ ಸಕ್ಕರೆ ಕಾರ್ಖಾನೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಒಯ್ಯುವ ಪಟ್ಟಾದ ಹತ್ತಿರ ಅವರ ಕೆಲಸವಿತ್ತು. ಒಂದು ಬೇಸಿಗೆಯಲ್ಲಿ ಅವರಿಗೆ ಕಾಮಣಿಯಾಯಿತು. ಕಣ್ಣು ಅರಿಷಿಣವಾಗಿ, ಗಂಜಿಯೂ ಹೊಟ್ಟೆಯಲ್ಲಿ ನಿಲ್ಲದಾದಾಗ ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತೆ. ಉಳಿದರು. ತಾಮ್ರದ ಕಡಗ ತಂದು, ಅವಳ ಭಂಡಾರದ ಅರಿಷಿಣ ಹಚ್ಚಿ, ನಾನೇ ಅವರ ಕೈಗೆ ಹಾಕಿದೆ. ಜೀವ ಇರುವ ತನಕ ತೆಗೆಯಬಾರದು ಎಂದವಳೂ ನಾನೇ. ದೇವಿ ಹಾಗೇನೂ ಹೇಳಿರಲಿಲ್ಲ.

ಕಬ್ಬಿನ ಹಂಗಾಮು ಶುರುವಾಗುವ ಮೊದಲು ಕಾರ್ಖಾನೆಯಲ್ಲಿ ಒಂದು ದಿನ ಸುರಕ್ಷತೆಯ ತರಬೇತಿ ಇರುತ್ತದೆ. ಅಲ್ಲಿಯ ತನಕ ಅದೆಂದರೆ ಸಹಿ ಮಾಡಿ ಚಹಾ ಕುಡಿದು ಬರುವುದು. ಆ ವರ್ಷ ಹೊಸ ಸಾಹೇಬರು ಬಂದಿದ್ದರು. ಉಂಗುರ, ಕಡಗ, ಗಡಿಯಾರ, ದಾರ ಯಾವುದೂ ಯಂತ್ರದ ಹತ್ತಿರ ಬರಕೂಡದು, ಗೇಟಿನಲ್ಲೇ ನೋಡಿ ಒಳಗೆ ಬಿಡುತ್ತೇವೆ ಎಂದರಂತೆ. ಪಟ್ಟಾದ ಉದ್ದಕ್ಕೂ ಒಂದು ಹಗ್ಗ ಇರುತ್ತದೆ, ಎಳೆದರೆ ಪಟ್ಟಾ ನಿಂತುಬಿಡುತ್ತದೆ. ಅದನ್ನು ಒಬ್ಬೊಬ್ಬರ ಕೈಯಿಂದಲೂ ಎಳೆಸಿ ನೋಡಿದರಂತೆ. ಇವರು ಮನೆಗೆ ಬಂದವರೇ ಸಾಬೂನು ಹಚ್ಚಿ ಕಡಗ ತೆಗೆದು ದೇವರ ಜಗಲಿಯ ಮೇಲಿಟ್ಟರು.

ಹರಕೆ ಮುರಿಯಿತೆಂದು ನನಗೆ ಹೆದರಿಕೆಯಾಯಿತು. ಮೂರನೆಯ ದಿನ ಅವರ ಮೈ ಸ್ವಲ್ಪ ಬಿಸಿಯಾಯಿತು. ಹವೆ ಬದಲಾದಾಗ ಬರುವ ಜ್ವರ, ಓಣಿಯಲ್ಲಿ ಎಲ್ಲರಿಗೂ ಇತ್ತು. ನಾನು ಮಾತ್ರ ಅದನ್ನು ಮಾಯಕ್ಕನ ಸಿಟ್ಟು ಎಂದುಕೊಂಡೆ. ಜ್ವರ ಇಳಿದು ಕೆಲಸಕ್ಕೆ ಹೊರಟ ದಿನ ಕಡಗವನ್ನು ಮತ್ತೆ ಹಾಕಿ, ಮುಂಗೈಯ ಮೇಲೆ ಏರಿಸಿ, ಕೆಳಗೆ ಜಾರದಂತೆ ಹಳೆಯ ಸೀರೆಯ ಪಟ್ಟಿ ಸುತ್ತಿ ಗಂಟು ಹಾಕಿದೆ. ಮೇಲೆ ತುಂಬು ತೋಳಿನ ಅಂಗಿ.

ಅವರು ಬೇಡವೆಂದರು. "ಸಾಹೇಬ್ರು ಹೇಳಿದ್ದು ಖರೇ ಐತಿ ಬೇ. ದೇವಿ ಕೈಯಾಗ ಅಷ್ಟ ಇರತಾಳೇನು?"

ನಾನು ಅತ್ತೆ. ಅತ್ತದ್ದಕ್ಕೆ ಕಟ್ಟಿಸಿಕೊಂಡರು.

ಗೇಟಿನವರು ಮಣಿಕಟ್ಟು ನೋಡಿ ಬಿಡುತ್ತಿದ್ದರು. ಸುಮಾರು ಒಂದು ತಿಂಗಳು ಹೀಗೇ ನಡೆಯಿತು. ಒಂದು ಮಧ್ಯಾಹ್ನ ಗಂಟು ಸಡಿಲಾಗಿ ಪಟ್ಟಿಯ ತುದಿ ತೋಳಿನಿಂದ ಹೊರಗೆ ಇಳಿದಿತ್ತು. ಪಟ್ಟಾ ತಿರುಗಿಸುವ ಸರಪಳಿ ಆ ತುದಿಯನ್ನು ಹಿಡಿಯಿತು. ಪಟ್ಟಿ ಕಡಗವನ್ನು ಎಳೆಯಿತು, ಕಡಗ ಕೈಯನ್ನು ಎಳೆಯಿತು. ಜೊತೆಗಿದ್ದವರು ಓಡಿ ಹಗ್ಗ ಜಗ್ಗಿದರು. ಅದನ್ನು ಎಳೆಯುವುದು ತರಬೇತಿಯಲ್ಲಿ ಕೈಗೆ ರೂಢಿಯಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದರೆ ಭುಜದ ತನಕ ಹೋಗುತ್ತಿತ್ತು ಎಂದು ಮಿರಜಿನ ಡಾಕ್ಟರರು ಹೇಳಿದರು. ದೇವಿಯ ಮೇಲೆ ನನಗೆ ಸಿಟ್ಟಿಲ್ಲ. ಹಗ್ಗ ಎಳೆಯುವ ಕೈಯನ್ನು ಅವಳು ಹತ್ತಿರದಲ್ಲೇ ಇಟ್ಟಿದ್ದಳು.

ಹೋದದ್ದು ಎಡಗೈಯ ಬೆರಳು, ಬಲಗೈಯದಲ್ಲ. ಹೆಬ್ಬೆರಳು ಉಳಿಯಿತು. ಅದಕ್ಕೂ ಅಂಗೈಗೂ ನಡುವೆ ತಾಟಿನ ಅಂಚು ಹಿಡಿಯುತ್ತಾರೆ, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ. ಕೆಲಸವೂ ಹೋಗಲಿಲ್ಲ, ಒಳಗೆ ಹೋಗುವವರ ಕೈ ನೋಡಿ ಬಿಡಲು ಗೇಟಿಗೆ ಹಾಕಿದರು. ದಿನಾ ದೀಪ ಹಚ್ಚುವಾಗ ಇವನ್ನೆಲ್ಲ ಎಣಿಸುತ್ತೇನೆ. ಎಣಿಸಿ ಮುಗಿದ ಮೇಲೆ ಆ ಗಂಟು ನೆನಪಾಗುತ್ತದೆ.

ಸೀರೆಯ ಪಟ್ಟಿ ಸರಪಳಿಯಲ್ಲಿ ಚೂರುಚೂರಾಗಿದ್ದರಿಂದ ಅದರ ಬಗ್ಗೆ ಯಾರೂ ಕೇಳಲಿಲ್ಲ. ದವಾಖಾನೆಯಲ್ಲಿ ಎಚ್ಚರವಾದಾಗ ಇವರು ಮೊದಲು ಹೇಳಿದ್ದು, "ತೋಳಿನ್ಯಾಗ ಕಡಗ ಇದ್ದದ್ದು ನಾ ಮರ್ತಿದ್ದೆ ಅಂತ ಹೇಳತೀನಿ. ನೀ ಏನೂ ಹೇಳಬ್ಯಾಡ."

ಆಮೇಲೆ ಪ್ರತಿ ಹಂಗಾಮಿನ ತರಬೇತಿಗೂ ಸಾಹೇಬರು ಇವರನ್ನು ಮುಂದೆ ನಿಲ್ಲಿಸಿ ಕೈ ತೋರಿಸಲು ಹೇಳತೊಡಗಿದರು. ಹೋದ ವರ್ಷ ಮನೆಯ ಹೆಂಗಸರನ್ನೂ ಕರೆದಿದ್ದರು. ಹಿಂದಿನ ಸಾಲಿನಲ್ಲಿ ನಾನೂ ಕುಳಿತಿದ್ದೆ. ಇವರು ಕೈ ಎತ್ತಿ ಹಿಡಿದು, ಮರೆತಿದ್ದೆ ಎಂದು ಹೇಳುತ್ತಿದ್ದಾಗ ಹೊಸದಾಗಿ ಸೇರಿದವನೊಬ್ಬ ಕೂಗಿದ, "ಕಾಕಾ, ಮನ್ಯಾಗ ಕಾಕೂನ್ನೂ ಹಿಂಗ ಮರೀತೀರೇನು?"

"ಅಕಿ ಮರಿಯಾಕ ಬಿಡಂಗಿಲ್ಲೋ," ಎಂದರು ಇವರು. ಎಲ್ಲರೂ ನಕ್ಕರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ನನ್ನ ಪಕ್ಕದಲ್ಲಿ ಬೋರಗಾಂವದಿಂದ ಲಗ್ನವಾಗಿ ಬಂದ ಒಬ್ಬ ಹುಡುಗಿ ಇದ್ದಳು. ಗಂಡನಿಗೆ ಆ ವರ್ಷವೇ ಪಟ್ಟಾದ ಹತ್ತಿರ ಕೆಲಸ ಸಿಕ್ಕಿತ್ತು. ಆಕೆ ನನ್ನ ಕಿವಿಯ ಹತ್ತಿರ ಬಾಗಿ, ತನ್ನ ಗಂಡನ ಕೈಯಲ್ಲೂ ಮಾಯಕ್ಕನ ಹರಕೆಯ ಕಡಗ ಇದೆ, ಅಂಗಿಯ ಒಳಗಿದ್ದರೆ ನಡೆಯುತ್ತದಲ್ಲವೇ ಎಂದು ಕೇಳಿದಳು. ನಡೆಯುವುದಿಲ್ಲ ತಂಗಿ ಎಂದೆ.

"ನಿಮ್ಮವರು ಮರ್ತ್ರು, ಅದಕ್ಕ ಹಂಗಾತ್ರಿ ಕಾಕೂ. ನಮ್ಮವರದು ನಾ ಬಟ್ಟಿ ಸುತ್ತಿ ಗಟ್ಟಿ ಕಟ್ಟೇನ್ರಿ."

ಇವರು ನನ್ನ ಮೇಲೆ ಹೊದಿಸಿದ ಸುಳ್ಳು ಈ ಹುಡುಗಿಗೆ ಧೈರ್ಯ ಕೊಟ್ಟಿತ್ತು. ಮೆಲ್ಲಗೆ ಹೇಳಬೇಕೆಂದು ಬಾಯಿ ತೆರೆದೆ, ದನಿ ದೊಡ್ಡದಾಗಿ ಬಂತು.

"ಅವರು ಮರ್ತಿದ್ದಿಲ್ಲವ್ವಾ. ನಾನೂ ಹಿಂಗ ಬಟ್ಟಿ ಸುತ್ತಿ ಕಳಿಸಿದ್ದೆ."

ಮುಂದಿನ ಸಾಲುಗಳು ಹಿಂತಿರುಗಿದವು. ಏನೆಂದು ಸಾಹೇಬರು ಕೇಳಿದರು. ಎದ್ದು ನಿಂತು ಹರಕೆಯಿಂದ ಹಿಡಿದು ಗಂಟಿನ ತನಕ ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಇವರು ಎತ್ತಿದ ಕೈಯನ್ನು ಇಳಿಸಿ ಪ್ಯಾಂಟಿನ ಕಿಸೆಯೊಳಗೆ ಇಟ್ಟುಕೊಂಡರು.

ಮನೆಗೆ ಬಂದು ಚಪ್ಪಲಿ ಬಿಡುತ್ತ, "ಒಂದ ಮಾತು ಹೇಳಿದ್ದೆ ನಿನಗ. ಅದನ್ನೂ ಇಟ್ಕೊಳ್ಳಿಲ್ಲ," ಎಂದರು. ಅಷ್ಟೇ. ಮರುವಾರ ಸಾಹೇಬರು ಇವರನ್ನು ಆಫೀಸಿಗೆ ಕರೆಸಿ, ಗೊತ್ತಿದ್ದೂ ಯಾಕೆ ಮುಚ್ಚಿಟ್ಟೆ ಎಂದು ಕೇಳಿ ಬರೆಸಿಕೊಂಡರಂತೆ. ಕೆಲಸ ಹೋಗುತ್ತದೆಂದು ಹದಿನೈದು ದಿನ ನನಗೆ ಅನ್ನ ಇಳಿಯಲಿಲ್ಲ. ಹೋಗಲಿಲ್ಲ. ಆದರೆ ಓಣಿಯಲ್ಲಿ ಮಾತು ಹರಡಿತು. ನಾದಿನಿ ನನ್ನ ಅಂಗಳದಲ್ಲೇ ನಿಂತು, ಗಂಡನ ಕೈ ತಿಂದಾಕಿ ಎಂದಳು. ಇವರು ಒಳಗೇ ಇದ್ದರು, ಹೊರಗೆ ಬರಲಿಲ್ಲ. ಹಿಂದಾಗಿದ್ದರೆ ಬರುತ್ತಿದ್ದರು.

ಬೋರಗಾಂವದ ಹುಡುಗಿ ಆಮೇಲೆ ಸಂತೆಯಲ್ಲಿ ಕಂಡರೂ ಬೇರೆ ಕಡೆ ನೋಡಿದಳು. ತುಂಬಿದ ಸಭೆಯಲ್ಲಿ ಅವಳ ಗುಟ್ಟನ್ನೂ ನಾನು ಬಯಲು ಮಾಡಿದ್ದೆನಲ್ಲ. ಅವಳ ಗಂಡನ ಕೈಯಲ್ಲಿ ಕಡಗ ಇದೆಯೋ ಇಲ್ಲವೋ ಎಂದು ಕೇಳುವ ದಾರಿ ನನಗಿರಲಿಲ್ಲ. ಇವರನ್ನು ಕೇಳುವ ಧೈರ್ಯವೂ ಇರಲಿಲ್ಲ.

ಈ ಹಂಗಾಮಿನ ತರಬೇತಿಗೆ ಇವರನ್ನು ಕರೆಯಲಿಲ್ಲ. ಕಾರ್ಖಾನೆ ಶುರುವಾಗಿ ನಾಲ್ಕೈದು ದಿನಕ್ಕೆ, ಊಟಕ್ಕೆ ಕುಳಿತವರು ರೊಟ್ಟಿ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು: "ಆ ಬೋರಗಾಂವದಾಕಿ ಗಂಡಂದು ದಿನಾ ಮೊಣಕೈತನಕ ತೋಳ ಏರಿಸಿ ನೋಡಾಕತ್ತೀನಿ. ಏನೂ ಇಲ್ಲ. ಬರೇ ಕೈ ಐತಿ."

ನನ್ನನ್ನು ಕ್ಷಮಿಸಿದರೋ ಇಲ್ಲವೋ, ನಾನು ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದೆ. ಬೇಡವೆನ್ನದೆ ಉಂಡರು.