ಹುಳುವಿನ ಬಾಯಿಗೆ ತೀರ್ಥ

ಹುಳುವಿನೊಳಗೂ ಉಸಿರಾಗಿ ಕೂತಿರುವ ವೀರಭದ್ರಸ್ವಾಮಿಗೆ ಮೊದಲು ಕೈಮುಗಿಯುತ್ತೇನೆ.

ಕಲ್ಯಾಣದುರ್ಗದ ತಂಗಿಯ ಮನೆಯಲ್ಲಿ ಪೂಜೆಯಿತ್ತು. ನಮ್ಮ ಗಿಡದ ನಂದಿಬಟ್ಟಲು ಹೂವನ್ನು ಬುಟ್ಟಿಯಲ್ಲಿ ತುಂಬಿಕೊಂಡು ಹಿಂದೂಪುರದಲ್ಲಿ ಬಸ್ಸು ಹತ್ತಿದ್ದೆ. ನೋಡಿದರೆ ಹೂವಿನ ಜೊತೆ ಬೆರಳುದ್ದದ ಹುಳುವೊಂದು ಬಂದಿದೆ. ನಿನ್ನೆ ಗಿಡದಲ್ಲಿ ಹಚ್ಚಗಿದ್ದದ್ದೇ ಅದು. ತಲೆಯ ಹಿಂದೆ ನೀಲಿ ಕಣ್ಣಿನಂಥ ಎರಡು ಬೊಟ್ಟು ನೋಡಿ ಗುರುತು ಹಿಡಿದೆ. ಈಗ ಮೈಯೆಲ್ಲ ಕಂದುಬಣ್ಣಕ್ಕೆ ತಿರುಗಿತ್ತು. ಎಲೆ ಕೊಟ್ಟರೆ ಮುಟ್ಟಲಿಲ್ಲ, ಬುಟ್ಟಿಯ ಅಂಚನ್ನು ಸುತ್ತುತ್ತಲೇ ಇತ್ತು. ನನಗೂ ಕೂರಲಾಗಲಿಲ್ಲ. ಗಿಡದಿಂದ ಬಿಡಿಸಿ ಕೊಂದೆನಲ್ಲ ಎಂದು ಎದೆ ಕುಟುಕಿತು. ಕೊನೆಗೆ ಶಿವನಾಮ ಹೇಳುತ್ತ, ಸಾಯುವವರಿಗೆ ಬಿಡುವಂತೆ ಪೂಜೆಗೆಂದು ಸೀಸೆಯಲ್ಲಿ ತಂದಿದ್ದ ತೀರ್ಥದ ಒಂದು ಹನಿಯನ್ನು ಅದರ ಬಾಯಿಗೂ ಬಿಟ್ಟೆ.

ಪಕ್ಕದಲ್ಲಿದ್ದ ಸೆಟ್ಟೂರಿನ ಕುರಿ ಕಾಯುವ ಅಜ್ಜಿ ನಕ್ಕುಬಿಟ್ಟರು.

"ಅದೇನ್ ಸಾಯಾಕಿಲ್ಲ ಕಣಮ್ಮ. ಹೊಟ್ಟೆ ತುಂಬೈತೆ, ಮಲಗೋಕೆ ಜಾಗ ಹುಡುಕ್ತೈತೆ. ಒಣಗಿದೆಲೆ ಕೊಡು, ರೆಕ್ಕೆ ಬಂದ್ಬುಡ್ತೈತೆ."

"ನಿಜವಾ ಅವ್ವಾ?"

"ನಿಜ. ಮೊದ್ಲು ನೀನು ಕೂತ್ಕೋ ತಾಯಿ, ನನ್ ಕಾಲು ತುಳೀತಿದ್ದೀಯ!"

ತಂಗಿಯ ಮನೆಯಲ್ಲಿ ಒಣ ಎಲೆ ತುಂಬಿದ ಕುಂಡಕ್ಕೆ ಅದನ್ನು ಬಿಟ್ಟು, ತೆಳು ಬಟ್ಟೆ ಕಟ್ಟಿದೆವು. ಅದು ಸರಸರನೆ ಎಲೆಯೊಳಗೆ ನುಗ್ಗಿತು. ಎರಡು ವಾರ ಕಳೆದು ತಂಗಿ ಫೋನು ಮಾಡಿದಳು: "ಅಕ್ಕಾ, ಡೇಗೆ ಹಕ್ಕಿಯಂಥ ಚೂಪು ರೆಕ್ಕೆಯ ಹಸಿರು ಪತಂಗ ಬಂದಿದೆ! ಎಲ್ಲಾ ತೀರ್ಥದ ಮಹಿಮೆ!"

ಸ್ವಾಮಿ ಕ್ಷಮಿಸಲಿ, ಒಣ ಎಲೆಯ ಮಹಿಮೆ ಎಂದೆ.

ಕೇಳಿದ ನಿಮಗೆಲ್ಲ ಮನಸ್ಸು ಚಡಪಡಿಸುವ ಹೊತ್ತಿನಲ್ಲಿ ಒಂದು ಹಿಡಿ ಒಣ ಎಲೆಯನ್ನೂ ಪಕ್ಕದ ಸೀಟಿಗೆ ಅಂಥ ಒಬ್ಬ ಅಜ್ಜಿಯನ್ನೂ ಅವನು ಕರುಣಿಸಲಿ.