ಟರ್ಮಿನೇಟ್ ಎಂದರೆ

ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು. ಗುಂಡಗಿದ್ದಳೆಂದಲ್ಲ, ಆಳು ಕಡ್ಡಿಯಂತಿದ್ದಳು. ಅಂಗಿಗೆ ಗುಂಡಿ ಹಾಕುವ ಮೇಜು ಅವಳದು. ಮೆಷಿನ್ ಹಾಕಿದ ಗುಂಡಿಯನ್ನೂ ಒಮ್ಮೆ ಎಳೆದು ನೋಡದೆ ಮುಂದಕ್ಕೆ ಬಿಡುತ್ತಿರಲಿಲ್ಲ. "ಹಾಕ್ಕೊಂಡೋರು ನಾಲ್ಕು ಜನರ ಮುಂದೆ ನಿಂತಾಗ ಕಿತ್ತು ಬಂದ್ರೆ?" ಎನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೂರು ಕಾರ್ಖಾನೆ ಕಂಡಿದ್ದಳು. ಮೂರರಲ್ಲೂ ಪ್ರೊಬೇಷನ್ನಿನ ಆರು ತಿಂಗಳು ತುಂಬುವ ಹೊತ್ತಿಗೆ, ಇನ್ನು ಕಾಯಂ ಮಾಡಬೇಕಾಗುತ್ತದೆಂದು, ಹೊರಗೆ ಕಳಿಸಿದ್ದರು. ನಮ್ಮಲ್ಲಾದರೂ ಕಾಯಂ ಆಗಬೇಕು ಎಂಬುದೊಂದೇ ಅವಳ ಆಸೆ.

ನಾನು ಅಲ್ಲಿಯ ಹಾಜರಿ ಗುಮಾಸ್ತ. ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಓದಿ ಹೇಳುತ್ತಿದ್ದುದರಿಂದ ನನಗೆ ಡಿಕ್ಷನರಿ ಎಂಬ ಅಡ್ಡಹೆಸರು ಬಿದ್ದಿತ್ತು. ಹಾಗೆ ಕರೆದಾಗಲೆಲ್ಲ ಉಬ್ಬುತ್ತಿದ್ದೆ, ಸುಳ್ಳೇಕೆ ಹೇಳಲಿ.

ತಿಂಗಳ ಕೊನೆಯ ಶನಿವಾರ, ಊಟದ ಬಿಡುವಿನಲ್ಲಿ ಅವಳು ಕಾಗದ ಹಿಡಿದು ಬಂದಳು.

"ಅಣ್ಣಾ, ಆಫೀಸಿಂದ ಕೊಟ್ರು. ಏನಂತೆ ನೋಡಿ."

ನನ್ನ ಬಲಗೈಯಲ್ಲಿ ತುತ್ತಿತ್ತು. ಎಡಗೈಯಲ್ಲಿ ಕಾಗದವನ್ನು ಅರ್ಧ ಬಿಚ್ಚಿ ಮೊದಲ ಸಾಲಿನ ಮೇಲೆ ಕಣ್ಣಾಡಿಸಿದೆ. ಅವಳ ಹೆಸರು, ಪ್ರೊಬೇಷನ್, ಟರ್ಮಿನೇಟ್, ಅಂದಿನ ತಾರೀಕು. ನಮ್ಮ ಶೆಡ್ಡಿನಲ್ಲಿ ಟರ್ಮಿನೇಟ್ ಎಂಬುದಕ್ಕೆ ಇರುವುದು ಒಂದೇ ಅರ್ಥ. ನೆಲ ಗುಡಿಸುವವರಿಗೂ ಗೊತ್ತು: ಕೆಲಸದಿಂದ ಕಿತ್ತುಹಾಕುವುದು.

"ಟರ್ಮಿನೇಟ್ ಮಾಡಿದಾರೆ ಅಕ್ಕಾ. ಇವತ್ತಿಗೆ ಅಷ್ಟೇ," ಎಂದೆ. ಮಡಿಕೆಯ ಕೆಳಗೆ ಇನ್ನೂ ಎರಡು ಸಾಲು ಇದ್ದದ್ದು ನನಗೆ ಕಾಣುತ್ತಿತ್ತು. ಆದರೆ ಊಟ ಆರುತ್ತಿತ್ತು.

ಅವಳು ಅಳಲಿಲ್ಲ. "ನನ್ನಿಂದ ಏನು ತಪ್ಪಾಯ್ತಂತೆ?" ಎಂದಳು.

"ಅದನ್ನೆಲ್ಲ ಬರೆಯಲ್ಲ ಅವರು."

ಸಂಜೆ ಕತ್ತರಿಯನ್ನೂ ಗುರುತಿನ ಚೀಟಿಯನ್ನೂ ಮೇಜಿನ ಮೇಲಿಟ್ಟು, ಯಾರಿಗೂ ಹೇಳದೆ ಹೊರಟುಹೋದಳು.

ಮಂಗಳವಾರ ಮ್ಯಾನೇಜರ್ ನನ್ನ ಬಳಿ ಬಂದರು. "ಗುಂಡಿಯಕ್ಕ ಎಲ್ರೀ? ಪ್ರೊಬೇಷನ್ ಮುಗೀತು, ಸೋಮವಾರ ಬಂದು ಕಾಯಂ ಆರ್ಡರ್ ತಗೊಳ್ಳಿ ಅಂತ ಬರೆದಿದ್ವಲ್ಲ. ಬೇರೆ ಕಡೆ ಹೋದ್ರಾ?"

ಅವರು ಹೋದ ಮೇಲೆ ನಿಘಂಟು ತೆಗೆದು ನೋಡಿದೆ. ಆಳನ್ನು ತೆಗೆದರೂ ಟರ್ಮಿನೇಟ್, ಅವಧಿ ತಾನಾಗಿ ಮುಗಿದರೂ ಟರ್ಮಿನೇಟ್, ಬಸ್ಸು ಕೊನೆಯ ನಿಲ್ದಾಣಕ್ಕೆ ಬಂದು ನಿಂತರೂ ಟರ್ಮಿನೇಟ್. ಬಸ್ಸನ್ನೇನು ಯಾರೂ ಕೆಲಸದಿಂದ ಕಿತ್ತುಹಾಕುವುದಿಲ್ಲವಲ್ಲ. ಮುಗಿದದ್ದು ಅವಳನ್ನು ಪರೀಕ್ಷಿಸುವ ಆರು ತಿಂಗಳು, ಅವಳ ಕೆಲಸವಲ್ಲ.

ಮ್ಯಾನೇಜರ್ ಕೇಳಿದಾಗಲೇ ಬಾಯಿ ಬಿಡಬಹುದಿತ್ತು. "ಗೊತ್ತಿಲ್ಲ ಸಾರ್," ಎಂದುಬಿಟ್ಟಿದ್ದೆ. ಡಿಕ್ಷನರಿಗೆ ಇಂಗ್ಲಿಷೇ ಬರಲ್ಲವಂತೆ ಎಂದು ಶೆಡ್ಡಿಗೆ ಶೆಡ್ಡೇ ನಗುವುದು ಕಣ್ಣ ಮುಂದೆ ಬಂದಿತ್ತು. ಪದದ ತಪ್ಪನ್ನು ಯಾರಾದರೂ ಮನ್ನಿಸಿಯಾರು. ಈ ಸುಳ್ಳನ್ನು ನಾನೇ ಮನ್ನಿಸಲಾರೆ. ಗುರುವಾರದವರೆಗೂ ಆ ಮೇಜು ಖಾಲಿ ಇತ್ತು. ಶುಕ್ರವಾರ ಬೇರೊಬ್ಬ ಹೆಂಗಸು ಬಂದು ಕೂತಳು. ಅವಳ ಹಾಜರಿ ಬರೆದವನೂ ನಾನೇ.

ಬರೆದ ಮೇಲೆ ತಡೆಯಲಾಗದೆ ಮ್ಯಾನೇಜರ್ ಬಳಿ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ.

"ಮಂಗಳವಾರ ಕೇಳಿದಾಗ ಬಾಯಲ್ಲಿ ಏನು ಇಟ್ಕೊಂಡಿದ್ರಿ? ಈಗ ಜಾಗ ಇಲ್ಲ," ಎಂದರು.

ಭಾನುವಾರ ವಿಳಾಸ ಹುಡುಕಿಕೊಂಡು ಅವಳ ಮನೆಗೆ ಹೋದೆ. ಒಂದೇ ಕೋಣೆ. ಕಿಟಕಿಯ ಬೆಳಕಿಗೆ ಗಂಡನ ಹಳೇ ಅಂಗಿ ಹಿಡಿದು ಕೂತಿದ್ದಳು. ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹೊಲಿಯುತ್ತಿದ್ದಳು.

"ಬನ್ನಿ ಅಣ್ಣಾ, ಕೂತ್ಕೊಳ್ಳಿ. ನೀವಾದ್ರೂ ನೋಡಿ ಹೇಳಿ. ಎಲ್ಲಿ ತಪ್ತಿದೀನಿ ಅಂತ ಎಂಟು ದಿನದಿಂದ ಹುಡುಕ್ತಿದೀನಿ, ಗೊತ್ತೇ ಆಗ್ತಿಲ್ಲ."

ಕೂರಲಿಲ್ಲ. ನಿಂತೇ ಹೇಳಿದೆ: ಮಡಿಕೆ ಬಿಚ್ಚದೆ ಓದಿದ್ದು, ಮಂಗಳವಾರ ಸುಳ್ಳು ಹೇಳಿದ್ದು, ಈಗ ಅವಳ ಮೇಜಿನಲ್ಲಿ ಬೇರೆಯವರು ಇರುವುದು. ಅವಳು ಎದ್ದು ಪೆಟ್ಟಿಗೆಯಿಂದ ಆ ಕಾಗದ ತೆಗೆದು ಕೊಟ್ಟಳು.

"ಪೂರ್ತಿ ಓದಿ."

ಪೂರ್ತಿ ಬಿಚ್ಚಿ, ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಇಂದಿಗೆ ಪ್ರೊಬೇಷನ್ ಮುಗಿಯುತ್ತದೆ. ನಿಮ್ಮ ಕೆಲಸದಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಸೋಮವಾರ ಬಂದು ಕಾಯಂ ಆದೇಶ ಪಡೆಯತಕ್ಕದ್ದು.

"ನಡುವಿನ ಸಾಲು ಇನ್ನೊಂದ್ಸಲ ಓದಿ."

ಓದಿದೆ. ಅವಳು ಅಂಗಿಯನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡಳು.

"ಸಾಕು ಅಣ್ಣಾ. ನೀವಿನ್ನು ಹೊರಡಿ," ಎಂದಳು.